ಹಾಸ್ಯ ಕ್ಲಬ್ಬಿನ ಒಂದು ಸಂಜೆ: ಹಾಲ್ ಬಹಳ ಚೆನ್ನಾಗಿದೆ, ಮುಂದಿನ ಸಾಲಿನಲ್ಲಿ ಕೂರಬೇಡಿ

ಮೊದಲು ತೀರ್ಪು ಹೇಳಿಬಿಡುತ್ತೇನೆ. ಟಿಕೆಟ್ ಬುಕ್ ಮಾಡಲು ಫೋನ್ ಕೈಗೆತ್ತಿಕೊಂಡಿರುವವರಿಗೆ ಬೇಕಾಗಿರುವುದು ಅದೇ. ಸ್ಟ್ಯಾಂಡ್‌ಅಪ್ ಕಾಮಿಡಿಗೆ ಇಷ್ಟು ಚೆನ್ನಾಗಿ ಹೊಂದುವ ಹಾಲ್ ಸಿಗುವುದು ಕಷ್ಟ. ಕಲಾವಿದರಲ್ಲಿ ಒಬ್ಬರಂತೂ ಅಪರೂಪದವರು. ಆದರೆ ಮೊದಲ ಎರಡು ಸಾಲಿನಲ್ಲಿ ಕೂರಬೇಡಿ. ಒಬ್ಬರೇ ಹೋಗುವ ಹೆಂಗಸರಾದರೆ ಖಂಡಿತ ಕೂರಬೇಡಿ. ದುಡ್ಡು ಕೊಟ್ಟು ಬರುವವರಿಗೆ ಹೀಗೊಂದು ಎಚ್ಚರಿಕೆ ಕೊಡಬೇಕಾಗಿ ಬಂದಿರುವುದೇ ಈ ಜಾಗದ ಮೇಲೆ ನನಗಿರುವ ದೊಡ್ಡ ದೂರು.

ನಾನು ನಾಟಕಗಳಿಗೆ, ಸಂಗೀತ ಕಾರ್ಯಕ್ರಮಗಳಿಗೆ ಸೌಂಡ್ ಮಾಡುವವಳು. ಕೆಲಸ ಮಾಡುವುದೆಲ್ಲ ಹಾಲಿನ ಹಿಂದೆ, ಕತ್ತಲಲ್ಲಿ, ಮಿಕ್ಸರ್ ಮುಂದೆ. ಅಲ್ಲಿ ಕೂತವರ ಕಿವಿ ವೇದಿಕೆಯನ್ನಷ್ಟೇ ಅಲ್ಲ, ಪ್ರೇಕ್ಷಕರನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ನಗು ಬಂದಾಗ ಮುಂದಿನ ಮಾತು ಮುಳುಗದ ಹಾಗೆ ಮೈಕ್ ಏರಿಸಬೇಕು, ನಗು ಇಳಿದ ಹಾಗೆ ಇಳಿಸಬೇಕು. ಹಾಗಾಗಿ ನಗುವಿನ ಬಗೆಗಳು ನನಗೆ ಚೆನ್ನಾಗಿ ಗೊತ್ತು. ಮಾತು ಮುಗಿಯುವ ಮುಂಚೆಯೇ ಒಡೆದು ಬರುವ ನಗು ಒಂದು. ಪಕ್ಕದವರ ಮುಖ ನೋಡಿಕೊಂಡು ಅರೆಕ್ಷಣ ತಡವಾಗಿ ಹೊರಟು, ತಟ್ಟನೆ ನಿಂತುಬಿಡುವ ನಗು ಇನ್ನೊಂದು. ಎರಡಕ್ಕೂ ಮೀಟರಿನ ಮುಳ್ಳು ಅಷ್ಟೇ ಏರಬಹುದು, ಕಿವಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಈ ಸಲ ನಾನು ಹೋದದ್ದು ಕೆಲಸಕ್ಕಲ್ಲ. ನನ್ನ ಮಗಳು ಕಾಮಿಡಿ ಬರೆಯಲು ಶುರುಮಾಡಿದ್ದಾಳೆ. ಈ ಕ್ಲಬ್ಬಿನಲ್ಲಿ ಹೊಸಬರಿಗೆ ಓಪನ್ ಮೈಕ್ ಇದೆ, ಅಲ್ಲಿಗೆ ಹೆಸರು ಕೊಡಬೇಕೆಂದಿದ್ದಳು. ಕೊಡುವ ಮುಂಚೆ ಜಾಗ ಹೇಗಿದೆ ನೋಡೋಣ ಅಂತ ಇಬ್ಬರೂ ಟಿಕೆಟ್ ತೆಗೆದುಕೊಂಡು ಹೋದೆವು. ಅವಳು ನಿಲ್ಲಲಿರುವ ವೇದಿಕೆ ಅನ್ನುವ ಕಾರಣಕ್ಕೆ ನಾನು ಸ್ವಲ್ಪ ಹೆಚ್ಚೇ ಗಮನವಿಟ್ಟು ನೋಡಿದ್ದೇನೆ.

ಹಾಲಿನ ಬಗ್ಗೆ ಹೇಳಲೇಬೇಕು. ಚಾವಣಿ ತಗ್ಗು, ಕುರ್ಚಿಗಳು ಒತ್ತೊತ್ತಾಗಿವೆ, ವೇದಿಕೆ ಒಂದೇ ಮೆಟ್ಟಿಲಿನ ಎತ್ತರ. ಕಾಮಿಡಿಗೆ ಬೇಕಾಗಿರುವುದು ಇದೇ. ಎತ್ತರದ ಹಾಲಿನಲ್ಲಿ ನಗು ಮೇಲೆದ್ದು ಚದುರಿಹೋಗುತ್ತದೆ. ತಗ್ಗು ಚಾವಣಿಯ ಕೆಳಗೆ ಅದು ನಕ್ಕವರ ಮೇಲೆಯೇ ತಿರುಗಿ ಬೀಳುತ್ತದೆ, ಒಬ್ಬರ ನಗು ಇನ್ನೊಬ್ಬರಿಗೆ ಹತ್ತುತ್ತದೆ. ಸ್ಪೀಕರ್‌ಗಳನ್ನು ಮುಂದಿನ ಸಾಲಿನವರ ಕಿವಿಗೆ ಅಪ್ಪಳಿಸದ ಹಾಗೆ ತೂಗುಹಾಕಿದ್ದಾರೆ. ವೀಲ್‌ಚೇರಿನಲ್ಲಿ ಬರುವವರಿಗೆ ಮಧ್ಯದ ಸಾಲಿನಲ್ಲೇ ಜಾಗ ಬಿಟ್ಟಿದ್ದಾರೆ, ಹಿಂಬದಿಯ ಮೂಲೆಯಲ್ಲಲ್ಲ. ಶೌಚಾಲಯ ಶುಚಿ, ಸಮಯಕ್ಕೆ ಸರಿಯಾಗಿ ಶುರು. ಜಾಗ ಕಟ್ಟಿಸಿದವರು ಪ್ರೇಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿಸಿದ್ದಾರೆ.

ಆದರೆ ನಗುವನ್ನು ಇಷ್ಟು ಚೆನ್ನಾಗಿ ಹರಡುವ ಕೋಣೆ, ನಗದೇ ಇರುವುದನ್ನೂ ಅಷ್ಟೇ ಕಷ್ಟ ಮಾಡುತ್ತದೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಜನ ಸಹಜವಾಗಿ ಮಾತಾಡುವ ಜಾಗಗಳಿಗೇ ಹೋಗಿ 1,200 ನಗುವಿನ ಪ್ರಸಂಗಗಳನ್ನು ಗುರುತು ಹಾಕಿಕೊಂಡಿದ್ದರು. ಅದರಲ್ಲಿ ಜೋಕಿನಂಥ ಮಾತಿಗೆ ಬಂದ ನಗು ಶೇಕಡ 20ಕ್ಕೂ ಕಡಿಮೆ. ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿ ಯಾರಾದರೂ ಇರುವಾಗ ಜನ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆ ಎಂದೂ ಅವರು ಕಂಡುಕೊಂಡರು. ಎಂದರೆ ನಾವು ಬಹುಪಾಲು ನಗುವುದು ತಮಾಷೆಗಲ್ಲ, ಎದುರಿಗಿರುವವರಿಗೆ. ಜೊತೆಗಿದ್ದೇವೆ, ಜಗಳವಿಲ್ಲ, ಬಿಟ್ಟುಬಿಡಿ ಎಂದು ತಿಳಿಸಲು. ಆ ಸಂಜೆಯ ನಿರೂಪಕರಿಗೆ ಈ ವಿಷಯ ಯಾರಾದರೂ ಹೇಳಬೇಕಾಗಿತ್ತು.

ನಿರೂಪಕರ ಕೆಲಸ ಹಾಲ್ ಬೆಚ್ಚಗೆ ಮಾಡುವುದು. ಮುಂದೆ ಕೂತವರನ್ನು ಮಾತಾಡಿಸಿ, ಹೆಸರು ಕೇಳಿ, ಕೆಲಸ ಕೇಳಿ, ಅಲ್ಲಲ್ಲೇ ಜೋಕ್ ಹುಟ್ಟಿಸುವುದು. ಕ್ರೌಡ್ ವರ್ಕ್ ಅನ್ನುತ್ತಾರೆ. ಚೆನ್ನಾಗಿ ಮಾಡುವವರ ಕೈಯಲ್ಲಿ ಅದು ಬಹಳ ಸೊಗಸಾದ ಕಲೆ, ಮಾತಾಡಿಸಿಕೊಂಡವರು ಹೊರಗೆ ಹೋಗುವಾಗ ಆ ಸಂಜೆಯ ನಾಯಕರಾಗಿರುತ್ತಾರೆ.

ಇಲ್ಲಿ ನಿರೂಪಕರು ಮೊದಲು ಹಿಡಿದದ್ದು ಒಬ್ಬರೇ ಬಂದಿದ್ದ ಹೆಂಗಸನ್ನು. ನಲವತ್ತು ದಾಟಿದವರು, ಕಚೇರಿಯಿಂದ ನೇರ ಬಂದವರ ಹಾಗೆ ಕಾಲ ಬಳಿ ಲ್ಯಾಪ್‌ಟಾಪ್ ಬ್ಯಾಗ್ ಇತ್ತು. “ಒಬ್ರೇ ಬಂದಿದೀರಾ? ಯಾರೂ ಸಿಗ್ಲಿಲ್ವಾ?” ಸಣ್ಣ ನಗು. “ಮದುವೆ ಆಗಿದ್ಯಾ?” ಇಲ್ಲ ಅಂತ ಆಕೆ ತಲೆಯಾಡಿಸಿದರು. “ಈಗ ಅರ್ಥ ಆಯ್ತು ಬಿಡಿ.” ಇನ್ನೂ ಸ್ವಲ್ಪ ನಗು. ಆಮೇಲೆ ಪಕ್ಕದ ಕುರ್ಚಿಯ ಅಪರಿಚಿತ ಗಂಡಸಿನ ಕಡೆ ತಿರುಗಿ, “ಸರ್, ಇವತ್ತು ಇವರನ್ನ ಮನೆಗೆ ಬಿಡೋ ಜವಾಬ್ದಾರಿ ನಿಮ್ಮದು. ಜಾಸ್ತಿ ಭಾರ ಇದೆ, ಹುಷಾರು” ಎಂದರು. ಹಾಲ್ ಜೋರಾಗಿ ನಕ್ಕಿತು. ಆಕೆಯೂ ನಕ್ಕರು. ನಾನು ಆಗಲೇ ಹೇಳಿದ ತಡವಾದ ನಗು ಅದು. ಬ್ಯಾಗನ್ನು ಕಾಲ ಬಳಿಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ವಿರಾಮದ ನಂತರ ಆ ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿ ನೋಡಿ ನಿರೂಪಕರು, “ಸೆನ್ಸ್ ಆಫ್ ಹ್ಯೂಮರ್ ಇಲ್ಲದವರಿಗೆ ರಿಫಂಡ್ ಇಲ್ಲ” ಎಂದರು.

ಗಂಡಸರನ್ನೂ ಬಿಡಲಿಲ್ಲ. ಒಬ್ಬ ಯುವಕ ತಾನು ನರ್ಸ್ ಎಂದ. “ನರ್ಸಾ? ಡಾಕ್ಟರ್ ಆಗೋಕೆ ಮಾರ್ಕ್ಸ್ ಸಾಲ್ಲಿಲ್ವಾ, ಇಲ್ಲ ಗಂಡಸಾಗೋಕೆ ಸಾಲ್ಲಿಲ್ವಾ?” ಎಂದರು. ಹೆಣ್ಣಿನ ಕೆಲಸ ಅಂತ ಒಂದನ್ನು ಕೀಳು ಮಾಡಿದಾಗ, ಅದನ್ನು ಮಾಡುವ ಗಂಡಸಿಗೂ ಅದೇ ಏಟು ಬೀಳುತ್ತದೆ. ಸಮಾನತೆ ಅಂದರೆ ಹೆಂಗಸರ ವಿಷಯ ಮಾತ್ರ ಅಂದುಕೊಂಡಿರುವವರು ಆ ಹುಡುಗನ ಮುಖ ನೋಡಬೇಕಿತ್ತು. “ಐಸಿಯುನಲ್ಲಿ ಮಾಡ್ತೀನಿ ಸರ್” ಎಂದ ಅವನು, ಗಟ್ಟಿಯಾಗಿ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಬಹಳ ಜನ ತಟ್ಟಿದರು.

ಇಷ್ಟೇ ಆಗಿದ್ದರೆ ಕೆಟ್ಟ ನಿರೂಪಕರು, ಬೇರೆ ದಿನ ಹೋಗಿ ಅಂತ ಬರೆದು ಮುಗಿಸುತ್ತಿದ್ದೆ. ನನಗೆ ತಡೆಯಲಾಗದೆ ಹೋದದ್ದು ಮುಂದಿನದು.

ಸಾಲುಗಳ ನಡುವೆ ಟ್ರೇ ಹಿಡಿದು ನೀರು ಕೊಡುತ್ತಾ ಒಬ್ಬ ಹುಡುಗಿ ಓಡಾಡುತ್ತಿದ್ದಳು. ಕ್ಲಬ್ಬಿನ ಕೆಲಸದವಳು, ಯೂನಿಫಾರ್ಮ್ ಹಾಕಿಕೊಂಡಿದ್ದಳು. “ನಿಲ್ಲಮ್ಮಾ ಅಲ್ಲೇ. ಎಲ್ರೂ ನಿನ್ನನ್ನೇ ನೋಡ್ತಿದಾರೆ, ನನ್ನ ಜೋಕ್ ಯಾರೂ ಕೇಳ್ತಿಲ್ಲ. ಒಂದು ರೌಂಡ್ ತಿರುಗು, ಎಲ್ಲರಿಗೂ ಸರಿಯಾಗಿ ಕಾಣ್ಲಿ” ಎಂದರು ನಿರೂಪಕರು. ಲೈಟ್ ಹಾಕುವವರು ಸ್ಪಾಟ್‌ಲೈಟನ್ನು ಅವಳ ಮೇಲೆ ತಿರುಗಿಸಿದರು. ಎರಡೂ ಕೈಯಲ್ಲಿ ಗಾಜಿನ ಲೋಟಗಳು ತುಂಬಿದ ಟ್ರೇ. ಕಣ್ಣಿಗೆ ಬೆಳಕು ಹೊಡೆಯುತ್ತಿದ್ದರೂ ಕೈ ಅಡ್ಡ ಹಿಡಿಯುವ ಹಾಗಿಲ್ಲ. ಅವಳು ನಕ್ಕಳು, ತಿರುಗಲಿಲ್ಲ, ಲೈಟ್ ಆಚೆ ಹೋಗುವವರೆಗೂ ಹಾಗೇ ನಿಂತಿದ್ದಳು. ವಿರಾಮವಾದ ಮೇಲೆ ನಮ್ಮ ಕಡೆಯ ಸಾಲುಗಳಿಗೆ ನೀರು ತಂದವನು ಬೇರೆ ಹುಡುಗ.

ಒಬ್ಬರೇ ಬಂದಿದ್ದ ಆ ಹೆಂಗಸು ಕಡೇಪಕ್ಷ ಎದ್ದು ಹೋದರು. ನಾನು ಎದ್ದು ಹೋಗಬಹುದಿತ್ತು, ನೀವೂ ಹೋಗಬಹುದು. ಆ ಹುಡುಗಿ ಹೋಗುವ ಹಾಗಿಲ್ಲ. ನಾಳೆಯೂ ಅದೇ ಟ್ರೇ ಹಿಡಿದು, ಅದೇ ಮೈಕಿನ ಮುಂದೆ ಓಡಾಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿದ 190ನೇ ಒಪ್ಪಂದ, ದುಡಿಯುವ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆಯೇ ಮಾಡಿದ್ದು. ಒಂದೇ ಒಂದು ಸಲ ನಡೆದರೂ ಅದು ಕಿರುಕುಳವಾಗಬಹುದು ಎನ್ನುತ್ತದೆ ಅದು. ಕಾಯಂ ನೌಕರರಾಗಲಿ, ಗುತ್ತಿಗೆಯವರಾಗಲಿ, ಕೆಲಸ ಕಲಿಯಲು ಬಂದವರಾಗಲಿ, ಎಲ್ಲರಿಗೂ ರಕ್ಷಣೆ ಇರಬೇಕು ಎನ್ನುತ್ತದೆ. ವೇದಿಕೆಯವರಿಗೆ ಅದು ಮನರಂಜನೆಯ ಜಾಗ, ನಮಗೂ ಹಾಗೇ. ಅವಳಿಗೆ ಅದು ಆಫೀಸು. ಯಾವುದೇ ಆಫೀಸಿನಲ್ಲಿ ಮೇಲಿನವರು ಮೈಕ್ ಹಿಡಿದು, ನೂರು ಜನರ ಮುಂದೆ, ಒಂದು ರೌಂಡ್ ತಿರುಗು ಅಂದರೆ ಅದಕ್ಕೆ ಏನೆನ್ನುತ್ತೇವೋ ಇದಕ್ಕೂ ಅದನ್ನೇ ಅನ್ನಬೇಕು.

ಇನ್ನು ಆ ಸಂಜೆಯ ಒಳ್ಳೆಯ ಭಾಗಕ್ಕೆ ಬರುತ್ತೇನೆ, ಅದನ್ನು ಅವಸರದಲ್ಲಿ ಹೇಳಲು ನನಗೆ ಇಷ್ಟವಿಲ್ಲ.

ಮೂರನೆಯವರಾಗಿ ಬಂದವರು ಒಬ್ಬ ಕಲಾವಿದೆ. “ಈಗ ಒಬ್ರು ಲೇಡಿ ಕಮಿಡಿಯನ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ನೋಡೋಕಂತೂ ಚೆನ್ನಾಗಿದಾರೆ” ಅಂತ ನಿರೂಪಕರು ಅವರನ್ನು ಪರಿಚಯಿಸಿದರು. ಅದರ ಮುಂಚೆ ಬಂದ ಇಬ್ಬರು ಗಂಡಸರಿಗೆ ಹೆಸರು, ಊರು, ಎಲ್ಲೆಲ್ಲಿ ಶೋ ಮಾಡಿದ್ದಾರೆ ಎಲ್ಲ ಹೇಳಿದ್ದರು. ಮೈಕ್ ಸ್ಟ್ಯಾಂಡ್ ಹಿಂದಿನವರ ಎತ್ತರಕ್ಕೇ ನಿಂತಿತ್ತು. ಆಕೆ ತಾವೇ ಬಗ್ಗಿ, ಸ್ಕ್ರೂ ಸಡಿಲಿಸಿ, ಇಳಿಸಿಕೊಂಡರು. ಅಷ್ಟರಲ್ಲಿ ಹತ್ತು ಸೆಕೆಂಡ್ ಹೋಯಿತು. ಹೊಸಬರಿಗೆ ಕೊಡುವ ಸಮಯವೇ ಐದು ನಿಮಿಷ ಇರುವ ಕಡೆ ಹತ್ತು ಸೆಕೆಂಡ್ ಮೌನ ಚಿಕ್ಕದಲ್ಲ.

ಅವರ ದನಿ ತೆಳ್ಳಗೆ, ಸ್ವಲ್ಪ ಚುಚ್ಚುವ ಹಾಗೆ ಕೇಳಿಸಿತು. ಇದು ನನ್ನ ಕ್ಷೇತ್ರ, ಹಾಗಾಗಿ ಬಿಡಿಸಿ ಹೇಳುತ್ತೇನೆ. ತಪ್ಪು ಅವರ ಗಂಟಲಿನದಲ್ಲ. ಮಾತಾಡುವಾಗ ಗಂಡಸರ ದನಿಯ ಮೂಲ ಕಂಪನ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಕಂಪನ), ಹೆಂಗಸರದು 165ರಿಂದ 255 ಹರ್ಟ್ಸ್ ಆಸುಪಾಸು. ವೇದಿಕೆಯ ಮೈಕನ್ನು ಬಾಯಿಗೆ ಹತ್ತಿರ ತಂದಷ್ಟೂ ತಗ್ಗಿನ ಸ್ವರಗಳು ಉಬ್ಬುತ್ತವೆ. ಗಂಡಸರು ಮೈಕನ್ನು ತುಟಿಗೆ ಅಂಟಿಸಿಕೊಂಡು ಮಾತಾಡುತ್ತಿದ್ದುದರಿಂದ ಆ ಗುಂಯ್‌ಗುಡುವಿಕೆ ಕಳೆಯಲು ತಗ್ಗನ್ನು ಕತ್ತರಿಸಿ, ಮಾತು ಸ್ಪಷ್ಟವಾಗಲೆಂದು ಮೇಲಿನ ಸ್ವರಗಳನ್ನು ಏರಿಸಿಟ್ಟಿದ್ದರು. ಅದೇ ಸೆಟ್ಟಿಂಗಿನಲ್ಲಿ ಆಕೆ ಮಾತಾಡಿದರೆ ದನಿಯ ಮೈಯೆಲ್ಲ ಹೋಗಿ ಅಂಚು ಮಾತ್ರ ಉಳಿಯುತ್ತದೆ. ಡಿಜಿಟಲ್ ಮಿಕ್ಸರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸೀನ್, ಅಂದರೆ ಅವರ ದನಿಗೆ ಹೊಂದುವ ಸೆಟ್ಟಿಂಗ್, ಸೇವ್ ಮಾಡಿಟ್ಟರೆ ಒಂದು ಬಟನ್ನಿನ ಕೆಲಸ. ಸೌಂಡ್ ಚೆಕ್ಕಿಗೆ ಕರೆದಿದ್ದರೆ ಸಾಕಿತ್ತು. ಹೆಂಗಸರ ದನಿ ಕೀರಲು, ಅವರ ಕಾಮಿಡಿ ಕೇಳೋಕಾಗಲ್ಲ ಎನ್ನುವವರು ಎಷ್ಟೋ ಸಲ ಕೇಳಿರುವುದು ಇಂಥ ಸೆಟ್ಟಿಂಗನ್ನು.

ಇಷ್ಟೆಲ್ಲ ಇದ್ದೂ ಅವರು ಹಾಲನ್ನು ಗೆದ್ದರು. ಅವರ ವಿಷಯ ಸ್ತನ ಕ್ಯಾನ್ಸರ್. ಒಂದು ಕಡೆಯ ಸ್ತನ ತೆಗೆದಿದ್ದಾರೆ ಎಂದು ಮೊದಲ ವಾಕ್ಯದಲ್ಲೇ ಹೇಳಿದರು. ನನ್ನ ಅಕ್ಕನಿಗೆ ಅದೇ ಆಪರೇಷನ್ ಆಗಿದೆ, ನನ್ನ ಕೈ ಕುರ್ಚಿಯ ಅಂಚನ್ನು ಹಿಡಿದುಕೊಂಡಿತು. ಆಗ ಅವರೆಂದರು: “ಹತ್ತು ವರ್ಷದಿಂದ ನನ್ನ ಬಾಸ್ ನನ್ನ ಜೊತೆ ಮಾತಾಡ್ತಿದಾರೆ. ಆಪರೇಷನ್ ಆದ ಮೇಲೆ ಮೊದಲನೇ ಸಲ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ರು. ‘ನಿಮ್ಮ ಕಣ್ಣು ಕಂದು ಬಣ್ಣನಾ?’ ಅಂದ್ರು.” ಮಾತು ಮುಗಿಯುವ ಮುಂಚೆಯೇ ಒಡೆದ ನಗು ಅದು, ಎಡದಿಂದ ಹೊರಟು ಇಡೀ ಹಾಲಿಗೆ ಹಬ್ಬಿತು. ನಾನು ನಗುತ್ತಲೇ ಅತ್ತೆ.

ನಡುವೆ ಒಬ್ಬರು ಎದ್ದು ಹೊರಗೆ ನಡೆದರು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದವರು. ಕಲಾವಿದೆ ಅವರ ಕಡೆ ಬೆರಳು ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ದನಿ ತಗ್ಗಿಸಿ ಸಭಾಂಗಣದ ಇನ್ನೊಂದು ಬದಿಗೆ ತಿರುಗಿ ಮಾತು ಮುಂದುವರಿಸಿದರು, ಎಲ್ಲರ ಕಣ್ಣೂ ಆ ಕಡೆಗೆ ಹೋಯಿತು. ಹೊರಗೆ ಹೋದವರನ್ನು ಯಾರೂ ನೋಡುತ್ತಾ ಕೂರಲಿಲ್ಲ. ಐದೇ ನಿಮಿಷ ಬಿಟ್ಟು ಅವರು ವಾಪಸ್ ಬಂದು ಕೂತರು.

ಆ ಸಂಜೆಯ ಅತ್ಯಂತ ಕಠಿಣ ವಿಷಯ ಅದೇ. ರೋಗ, ಮೈ, ಸಾವು, ಆಫೀಸಿನ ಗಂಡಸರ ಕಣ್ಣು, ಎಲ್ಲ ಇತ್ತು. ಸೂಕ್ಷ್ಮ ಮನಸ್ಸಿನವರಿದ್ದಾರೆ ಅಂತ ಇಂಥ ವಿಷಯಗಳನ್ನು ಮುಟ್ಟಬಾರದು ಎಂದು ಯಾರಾದರೂ ಹೇಳಿದರೆ ನಾನು ಆ ಕಲಾವಿದೆಯ ಪರ ನಿಂತು ವಾದ ಮಾಡುತ್ತೇನೆ. ವಿಷಯ ಯಾವುದು ಎನ್ನುವುದರಿಂದ ಯಾರಿಗೂ ಅವಮಾನವಾಗಲಿಲ್ಲ. ನೋವಾದವರಿಗೆ ಹೊರಗೆ ಹೋಗುವ ದಾರಿ ಬಿಟ್ಟಿದ್ದರು. ನಿರೂಪಕರು ಹೋದವರನ್ನೂ ಬಿಡಲಿಲ್ಲ, ಹೋಗಲಾಗದವರನ್ನು ಬೆಳಕಿನಲ್ಲಿ ನಿಲ್ಲಿಸಿದರು.

ಕೊನೆಗೆ ಬಂದ ಮುಖ್ಯ ಕಲಾವಿದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಂಡತಿ ಬೈಯುತ್ತಾಳೆ, ಹೆಂಡತಿ ಡ್ರೈವ್ ಮಾಡುತ್ತಾಳೆ, ಹೆಂಡತಿ ಖರ್ಚು ಮಾಡುತ್ತಾಳೆ. ಹಳೆಯ ಸರಕು. ಬೇಸರ ಬಂತು, ಕೋಪ ಬರಲಿಲ್ಲ. ಆದರೆ ಹೆಣ್ಣು ಬೇಡ ಅಂದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಒಂದು ಜೋಕ್ ಬಂತು. ಅದಕ್ಕೆ ಹಿಂದಿನ ಸಾಲಿನ ಹುಡುಗರ ಗುಂಪೊಂದು ಶಿಳ್ಳೆ ಹಾಕಿತು. ಜೋಕ್ ತಾನೇ, ಯಾರ ಮನಸ್ಸೂ ಬದಲಾಗಲ್ಲ ಎನ್ನುವವರಿಗೆ: ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಣ್ಣಿನ ಬಗ್ಗೆ ಮೊದಲೇ ಹಗೆ ಇದ್ದ ಗಂಡಸರು ಹೆಣ್ಣನ್ನು ಹೀಗಳೆಯುವ ಜೋಕುಗಳ ನಂತರ ಮಹಿಳಾ ಸಂಘಟನೆಗೆ ಕಡಿಮೆ ದುಡ್ಡು ಕೊಡಲು ಮುಂದಾದರು. ಅಂಥದೇ ಮಾತನ್ನು ಜೋಕಿಲ್ಲದೆ, ನೇರವಾಗಿ ಕೇಳಿದಾಗ ಹಾಗಾಗಲಿಲ್ಲ. ಜೋಕು ಹೊಸ ಹಗೆಯನ್ನು ಹುಟ್ಟಿಸುವುದಿಲ್ಲ, ಇದ್ದ ಹಗೆಗೆ ಇಲ್ಲಿ ಪರವಾಗಿಲ್ಲ ಬಾ ಎಂದು ಬಾಗಿಲು ತೆರೆಯುತ್ತದೆ. ಆ ಶಿಳ್ಳೆ ಕೇಳಿದಾಗ ನನ್ನ ಮಗಳು ನನ್ನ ಕಡೆ ವಾಲಿ, “ಅಮ್ಮ, ನಾವು ಇವರ ಜೊತೇನೇ ಮೆಟ್ಟಿಲು ಇಳೀಬೇಕಲ್ವಾ” ಎಂದಳು. ಎಲ್ಲರೂ ಇಳಿದು ಹೋಗುವವರೆಗೆ ಕೂತಿದ್ದು ಆಮೇಲೆ ಎದ್ದೆವು.

ಶೋ ಮುಗಿದ ಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿದೆ. ಸೌಜನ್ಯದಿಂದಲೇ ಮಾತಾಡಿದರು. “ಕಾಮಿಡಿ ಕ್ಲಬ್ ಮೇಡಂ, ಇಲ್ಲಿ ಸೆನ್ಸಾರ್ ಮಾಡೋಕಾಗಲ್ಲ” ಎಂದರು. ಸೆನ್ಸಾರ್ ಎಂದರೇನು ಅಂತ ನನಗೂ ಗೊತ್ತು. ಅಮೆರಿಕದ ಹಾಸ್ಯ ಕಲಾವಿದ ಲೆನ್ನಿ ಬ್ರೂಸ್ ಅವರನ್ನು ವೇದಿಕೆಯ ಮೇಲೆ ಆಡಿದ ಮಾತಿಗಾಗಿ ಪೊಲೀಸರು ಮತ್ತೆ ಮತ್ತೆ ಹಿಡಿದರು. 1964ರಲ್ಲಿ ನ್ಯೂಯಾರ್ಕಿನ ಕೋರ್ಟು ಅಶ್ಲೀಲತೆಯ ಅಪರಾಧಿ ಎಂದಿತು. 1966ರಲ್ಲಿ ಅವರು ತೀರಿಕೊಂಡರು, ಆ ರಾಜ್ಯದ ಗವರ್ನರ್ ಕ್ಷಮಾದಾನ ಕೊಟ್ಟಿದ್ದು 2003ರಲ್ಲಿ. ಅದು ಸೆನ್ಸಾರ್, ಅದಕ್ಕೆ ನನ್ನ ವಿರೋಧವಿದೆ. ನೀರು ಕೊಡುವ ಹುಡುಗಿಯನ್ನು ತಿರುಗಿಸಬೇಡಿ ಎಂದು ಸಂಬಳ ಕೊಡುವವರು ಹೇಳುವುದು ಸೆನ್ಸಾರ್ ಅಲ್ಲ. ಹಾಗೆಂದಾಗ ಮ್ಯಾನೇಜರ್, “ಅವಳೇ ನಕ್ಕಳಲ್ಲ ಮೇಡಂ” ಎಂದರು. “ಸಂಬಳ ಕೊಡೋರು ನೀವು, ಮೈಕ್ ಇರೋದು ಅವರ ಕೈಲಿ. ಅವಳು ಬೇರೇನು ಮಾಡಬಹುದಿತ್ತು?” ಎಂದೆ. ಅದಕ್ಕೆ ಉತ್ತರ ಬರಲಿಲ್ಲ.

ಸೌಂಡ್ ಡೆಸ್ಕಿನ ಹುಡುಗನ ವಿಷಯ ಬೇರೆ. ಸ್ಟ್ಯಾಂಡ್ ಎತ್ತರದ ಬಗ್ಗೆ, ಸೆಟ್ಟಿಂಗಿನ ಬಗ್ಗೆ ಹೇಳಿದಾಗ ಅಲ್ಲೇ ಮಿಕ್ಸರ್ ಆನ್ ಮಾಡಿದ. ನನ್ನ ಮಗಳನ್ನೇ ಮೈಕ್ ಮುಂದೆ ನಿಲ್ಲಿಸಿ, ತಗ್ಗನ್ನು ವಾಪಸ್ ತಂದು, ಮೇಲಿನದನ್ನು ಇಳಿಸಿ, ಹೊಸದೊಂದು ಸೀನ್ ಸೇವ್ ಮಾಡಿಕೊಂಡ. ಅವಳ ದನಿ ಆ ಖಾಲಿ ಹಾಲಿನಲ್ಲಿ ತುಂಬಿಕೊಂಡು ಬಂತು. ಯಾರೂ ಇಷ್ಟು ದಿನ ಹೇಳಿರಲಿಲ್ಲ ಮೇಡಂ ಎಂದ.

ಮಾರನೆಯ ವಾರ ಕ್ಲಬ್ಬಿಗೆ ಪತ್ರ ಬರೆದೆ. ಟಿಕೆಟ್ ಬುಕ್ ಮಾಡುವಾಗಲೇ ನನ್ನನ್ನು ಮಾತಾಡಿಸಬೇಡಿ ಎಂದು ಗುರುತು ಹಾಕುವ ಅವಕಾಶ ಇರಲಿ, ಆ ಕುರ್ಚಿಗಳ ಪಟ್ಟಿ ನಿರೂಪಕರ ಕೈಗೆ ಹೋಗಲಿ ಎಂದೆ. ಕೆಲಸದವರ ಮೇಲೆ ಜೋಕ್ ಮಾಡುವ ಹಾಗಿಲ್ಲ ಎಂದು ಕಲಾವಿದರ ಒಪ್ಪಂದದಲ್ಲೇ ಬರೆಯಿರಿ ಎಂದೆ. ಉತ್ತರ ಬಂದಿದೆ. ಕುರ್ಚಿಯ ವಿಷಯ ಮಾಡುತ್ತೇವೆ ಎಂದಿದ್ದಾರೆ, ಯಾವಾಗ ಎಂದಿಲ್ಲ. ಕೆಲಸದವರ ವಿಷಯದ ಬಗ್ಗೆ ಆ ಪತ್ರದಲ್ಲಿ ಒಂದು ಸಾಲೂ ಇಲ್ಲ. ನಾನು ಮತ್ತೆ ಬರೆದಿದ್ದೇನೆ.

ಹೋಗುವವರು ಹೋಗಿ, ಆದರೆ ಆ ಸಂಜೆ ಯಾರು ನಿರೂಪಣೆ ಮಾಡುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕೇಳಿದರೆ ಹೇಳುತ್ತಾರೆ, ಬೇರೆ ಬೇರೆ ದಿನ ಬೇರೆ ಬೇರೆಯವರಿರುತ್ತಾರೆ. ನಾಲ್ಕನೇ ಸಾಲಿನಲ್ಲಿ ಓಡಾಡುವ ದಾರಿಯ ಪಕ್ಕದ ಕುರ್ಚಿ ತೆಗೆದುಕೊಳ್ಳಿ, ಅಲ್ಲಿ ಸೌಂಡ್ ಅತ್ಯಂತ ಚೆನ್ನಾಗಿದೆ, ಏಳಬೇಕೆನಿಸಿದರೆ ಯಾರ ಕಾಲನ್ನೂ ದಾಟಬೇಕಾಗಿಲ್ಲ. ಆ ಕಲಾವಿದೆಯ ಹೆಸರು ಪಟ್ಟಿಯಲ್ಲಿದ್ದರೆ ಯೋಚನೆಯನ್ನೇ ಮಾಡದೆ ಬುಕ್ ಮಾಡಿ. ಹಾಲಿಗೆ ಐದಕ್ಕೆ ಐದು ಕೊಡುತ್ತೇನೆ, ಕ್ಲಬ್ಬಿಗೆ ಎರಡು. ನನ್ನ ಎರಡನೇ ಪತ್ರಕ್ಕೆ ಉತ್ತರ ಬಂದ ಮೇಲೆ ಆ ಎರಡನ್ನು ತಿದ್ದುತ್ತೇನೆ.